ಬಯೋಮಾಸ್‌ನಿಂದ ರಾಸಾಯನಿಕ ತಯಾರಿಸುವ ಲೋಹದ ಕ್ಯಾಟಲಿಸ್ಟ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಲ್ಯಾಬ್ ಸೇರಿದವರು, ಬೇರೆ ಕ್ಷೇತ್ರದ ಎಂಜಿನಿಯರುಗಳು, ಕುತೂಹಲಕ್ಕೆ ಓದುವವರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಬಯೋಮಾಸ್ ಅಂದರೆ ಮರ, ಹೊಟ್ಟು, ಸಕ್ಕರೆಯಂಥ ಗಿಡಮೂಲದ ವಸ್ತು. ಕ್ಯಾಟಲಿಸ್ಟ್ ಅಂದರೆ ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು. ಉತ್ತರಗಳಲ್ಲಿ ನೀರಿನ ಮಾತು, ಬಾಳಿಕೆಯ ಮಾತು ಜಾಸ್ತಿ ಬರುತ್ತದೆ. ಅದಕ್ಕೆ ಕಾರಣವಿದೆ. ಮೊದಲ ದಿನ ಚೆನ್ನಾಗಿ ಕೆಲಸ ಮಾಡುವ ಕ್ಯಾಟಲಿಸ್ಟ್ ತಯಾರಿಸುವುದು ಅಷ್ಟೇನೂ ಕಷ್ಟವಲ್ಲ. ಬಿಸಿನೀರಿನಲ್ಲಿ ವಾರಗಟ್ಟಲೆ ಉಳಿಯುವಂಥದ್ದನ್ನು ಮಾಡುವುದೇ ಕಷ್ಟ.

## ಶುರುವಿನ ಪ್ರಶ್ನೆಗಳು

ಬಯೋಮಾಸ್‌ನಿಂದ ರಾಸಾಯನಿಕ ಮಾಡೋದು ಅಂದ್ರೆ ನಿಜಕ್ಕೂ ಏನು ಮಾಡ್ತೀರಿ?

ಹೆಚ್ಚಿನ ಸಲ ಆಮ್ಲಜನಕ ತೆಗೆಯುತ್ತೇವೆ. ಗ್ಲೂಕೋಸ್‌ನ ತೂಕದಲ್ಲಿ ಸುಮಾರು ಶೇ. 53 ಆಮ್ಲಜನಕವೇ ಇದೆ, ಇಂಗಾಲ ಶೇ. 40 ಮಾತ್ರ. ಕಚ್ಚಾ ತೈಲದಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ತೈಲದಿಂದ ರಾಸಾಯನಿಕ ಮಾಡುವವರು ಬೇಕಾದ ಗುಂಪುಗಳನ್ನು ಹೊರಗಿನಿಂದ ಸೇರಿಸುತ್ತಾರೆ. ನಾವು ಬೇಡದ್ದನ್ನು ತೆಗೆದು, ಬೇಕಾದ್ದನ್ನು ಇದ್ದಲ್ಲೇ ಉಳಿಸಿಕೊಳ್ಳಬೇಕು.

ಎಲ್ಲ ಆಮ್ಲಜನಕವನ್ನೂ ಕಿತ್ತುಹಾಕುವುದು ಜಾಣತನವಲ್ಲ. ಗಿಡ ಕಟ್ಟಿಕೊಟ್ಟ ಅಣುವನ್ನು ಪೂರ್ತಿ ಬೋಳು ಮಾಡಿ ಇಂಧನವಾಗಿಸಿದರೆ ಅದರ ಬೆಲೆ ಹೋಗುತ್ತದೆ. ಆರು ಹೈಡ್ರಾಕ್ಸಿಲ್ (ಆಮ್ಲಜನಕ–ಹೈಡ್ರೋಜನ್ ಜೋಡಿ) ಗುಂಪುಗಳಿರುವ ಸಾರ್ಬಿಟಾಲ್‌ನಿಂದ ಎರಡು ಗುಂಪುಗಳಿರುವ ಗ್ಲೈಕಾಲ್‌ಗೆ ಬಂದು ಅಲ್ಲೇ ನಿಲ್ಲುವುದು, ಇಲ್ಲಿ ಬೇಕಾದದ್ದು ಇಂಥ ಹಿಡಿತ.

ಲೋಹದ ಪುಡಿ ಹಾಕಿದ್ರೆ ಸಾಕಲ್ವಾ? ಸಪೋರ್ಟ್ ಯಾಕೆ?

ಕ್ರಿಯೆ ನಡೆಯುವುದು ಲೋಹದ ಮೇಲ್ಮೈಯಲ್ಲಿ. ಒಳಗಿರುವ ಪರಮಾಣುಗಳು ಕೆಲಸ ಮಾಡುವುದಿಲ್ಲ. ಪ್ಲಾಟಿನಂ ಕಣ 10 ನ್ಯಾನೋಮೀಟರ್ ಇದ್ದರೆ ಹೆಚ್ಚುಕಮ್ಮಿ ಹತ್ತರಲ್ಲಿ ಒಂದು ಪರಮಾಣು ಮಾತ್ರ ಹೊರಗೆ ಕಾಣುತ್ತದೆ. 2 ನ್ಯಾನೋಮೀಟರ್‌ಗೆ ಇಳಿಸಿದರೆ ಸುಮಾರು ಅರ್ಧದಷ್ಟು ಪರಮಾಣುಗಳು ಹೊರಗೆ ಬರುತ್ತವೆ. ಆದರೆ ಇಷ್ಟು ಚಿಕ್ಕ ಕಣಗಳನ್ನು ಸುಮ್ನೆ ಬಿಟ್ಟರೆ ಒಂದಕ್ಕೊಂದು ಅಂಟಿ ಬೆಳೆಯುತ್ತವೆ. ಅವನ್ನು ದೂರ ದೂರ ಹಿಡಿದಿಡಲು ರಂಧ್ರಗಳಿಂದ ತುಂಬಿದ ಒಂದು ಗಟ್ಟಿ ವಸ್ತು ಬೇಕು. ಅಲ್ಯುಮಿನಾ, ಸಿಲಿಕಾ, ಟೈಟಾನಿಯಾ, ಜಿರ್ಕೋನಿಯಾ ಎಂಬ ಆಕ್ಸೈಡ್‌ಗಳು, ಸಕ್ರಿಯ ಇಂಗಾಲ, ಇವೇ ಸಾಮಾನ್ಯ ಸಪೋರ್ಟ್‌ಗಳು.

ತೈಲ ಸಂಸ್ಕರಣಾಗಾರಗಳಲ್ಲಿ ಇಷ್ಟು ವರ್ಷ ಪಳಗಿದ ಕ್ಯಾಟಲಿಸ್ಟ್‌ಗಳಿವೆಯಲ್ಲ, ಅವನ್ನೇ ಇಲ್ಲಿ ಬಳಸಬಾರದಾ?

ಕೆಲವು ನಡೆಯುತ್ತವೆ, ಹೆಚ್ಚಿನವು ಸೋಲುತ್ತವೆ. ಸೋಲಿಸುವುದು ನೀರು.

ತೈಲದ ಅಣುಗಳನ್ನು ಆವಿ ಮಾಡಿ ಕ್ಯಾಟಲಿಸ್ಟ್ ಮೇಲೆ ಹಾಯಿಸಬಹುದು. ಸಕ್ಕರೆಯನ್ನು ಆವಿ ಮಾಡಲು ಹೋದರೆ ಅದು ಸೀದು ಕರಿಯಾಗುತ್ತದೆ. ಹಾಗಾಗಿ ನೀರಿನಲ್ಲೋ ಆಲ್ಕೋಹಾಲಿನಲ್ಲೋ ಕರಗಿಸಿ, ಒತ್ತಡ ಹಾಕಿ, ದ್ರವವಾಗಿಯೇ ಬಿಸಿ ಮಾಡಬೇಕು. 225 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ದ್ರವವಾಗಿ ಉಳಿಯಲು ಸುಮಾರು 25 ಬಾರ್ ಒತ್ತಡ ಬೇಕು. ಆ ನೀರು ನಮಗೆ ಪರಿಚಯವಿರುವ ನೀರಲ್ಲ. ಅದು ಘನ ಆಕ್ಸೈಡ್‌ಗಳನ್ನೇ ಬದಲಿಸುತ್ತದೆ.

ತೈಲ ಉದ್ಯಮದ ನೆಚ್ಚಿನ ಸಪೋರ್ಟ್ ಗಾಮಾ ಅಲ್ಯುಮಿನಾವನ್ನೇ ನೋಡಿ. 200 ಡಿಗ್ರಿಯ ನೀರಿನಲ್ಲಿ ಕೆಲವೇ ಗಂಟೆಗಳಲ್ಲಿ ಅದು ನೀರು ಹೀರಿ ಬೋಹ್ಮೈಟ್ ಎಂಬ ಬೇರೆಯೇ ಖನಿಜವಾಗುತ್ತಾ ಹೋಗುತ್ತದೆ. ಮೇಲ್ಮೈ ವಿಸ್ತೀರ್ಣ ಕುಸಿಯುತ್ತದೆ, ಆಮ್ಲೀಯ ಜಾಗಗಳು ಕಳೆದುಹೋಗುತ್ತವೆ. ಸ್ವಾರಸ್ಯವೇನೆಂದರೆ, ನೀರಿನಲ್ಲಿ ಗ್ಲಿಸರಾಲ್ ಅಥವಾ ಸಾರ್ಬಿಟಾಲ್ ಕರಗಿದ್ದರೆ ಈ ಬದಲಾವಣೆ ನಿಧಾನವಾಗುತ್ತದೆ. ಆ ಅಣುಗಳು ಅಲ್ಯುಮಿನಾಕ್ಕೆ ಅಂಟಿಕೊಂಡು ನೀರನ್ನು ತಡೆಯುತ್ತವೆ. ಅಂದರೆ ಕಚ್ಚಾವಸ್ತು ಮುಗಿಯುತ್ತಾ ಬಂದ ಹಾಗೆ ಸಪೋರ್ಟ್‌ಗೆ ಇದ್ದ ರಕ್ಷಣೆಯೂ ಮುಗಿಯುತ್ತದೆ. ಬರೀ ನೀರಿನ ಪರೀಕ್ಷೆ ಅಥವಾ ಬರೀ ದ್ರಾವಣದ ಪರೀಕ್ಷೆ, ಒಂದನ್ನೇ ನಂಬಬಾರದು ಅನ್ನುವುದು ಇದಕ್ಕೇ.

ಸಿಲಿಕಾ ಬಿಸಿನೀರಿನಲ್ಲಿ ನಿಧಾನವಾಗಿ ಕರಗುತ್ತದೆ, ಕ್ಷಾರ ಇದ್ದರೆ ಇನ್ನೂ ಬೇಗ. ಟೈಟಾನಿಯಾ, ಜಿರ್ಕೋನಿಯಾ, ಇಂಗಾಲ ಚೆನ್ನಾಗಿ ತಾಳುತ್ತವೆ. ನೀರಿನ ಕೆಲಸಕ್ಕೆ ಆಯ್ಕೆಯನ್ನು ಈ ಮೂರರಿಂದಲೇ ಶುರು ಮಾಡಿ ಎನ್ನುತ್ತೇನೆ.

ಯಾವ ಅಣುಗಳ ಮೇಲೆ ಗಮನ ಇಡಬೇಕು?

2004ರಲ್ಲಿ ಅಮೆರಿಕದ ಇಂಧನ ಇಲಾಖೆ ಸಕ್ಕರೆಗಳಿಂದ ಸಿಗುವ 12 ಮುಖ್ಯ ಅಣುಗಳ ಪಟ್ಟಿ ಪ್ರಕಟಿಸಿತು. ಗ್ಲಿಸರಾಲ್, ಸಾರ್ಬಿಟಾಲ್, ಲೆವುಲಿನಿಕ್ ಆಮ್ಲ, ಸಕ್ಸಿನಿಕ್ ಆಮ್ಲ ಅದರಲ್ಲಿದ್ದವು. ಫರ್ಫ್ಯುರಲ್ ಇರಲಿಲ್ಲ. 2010ರಲ್ಲಿ ಪರಿಷ್ಕೃತ ಪಟ್ಟಿ ಬಂದಾಗ ಅದು ಸೇರಿತು. ಆದರೆ ಓಟ್ಸ್ ಹೊಟ್ಟಿನಿಂದ ಫರ್ಫ್ಯುರಲ್ ತಯಾರಿಸುವ ಕಾರ್ಖಾನೆ 1920ರ ದಶಕದಿಂದಲೇ ಇತ್ತು! ಪಟ್ಟಿ ನೋಡಿ ದಿಕ್ಕು ತಿಳಿದುಕೊಳ್ಳಿ, ಅದನ್ನೇ ಗಡಿ ಮಾಡಿಕೊಳ್ಳಬೇಡಿ.

## ಲೋಹ, ಸಪೋರ್ಟ್ ಆರಿಸುವುದು

ಯಾವ ಲೋಹ ತಗೊಳ್ಳಬೇಕು ಅಂತ ಹೇಗೆ ತೀರ್ಮಾನ ಮಾಡ್ತೀರಿ?

ಅಣು ಲೋಹದ ಮೇಲೆ ಹೇಗೆ ಕೂರುತ್ತದೆ ಎಂಬುದರಿಂದ. ಇದಕ್ಕೆ ಫರ್ಫ್ಯುರಲ್‌ಗಿಂತ ಒಳ್ಳೆ ಪಾಠ ನನಗೆ ಸಿಕ್ಕಿಲ್ಲ. ಅದರಲ್ಲಿ ಐದು ಮೂಲೆಯ ಒಂದು ಉಂಗುರ, ಉಂಗುರದ ಪಕ್ಕ ಒಂದು ಆಲ್ಡಿಹೈಡ್ ಗುಂಪು (ಇಂಗಾಲಕ್ಕೆ ದ್ವಿಬಂಧದಲ್ಲಿ ಆಮ್ಲಜನಕ ಸೇರಿದ ತುದಿ). ಅಷ್ಟೇ.

ತಾಮ್ರದ ಮೇಲೆ ಬಿಟ್ಟರೆ ಉಂಗುರ ಲೋಹದಿಂದ ದೂರ ಸರಿಯುತ್ತದೆ. ಆಲ್ಡಿಹೈಡ್‌ನ ಆಮ್ಲಜನಕ ಮಾತ್ರ ಮೇಲ್ಮೈ ಹಿಡಿಯುತ್ತದೆ. ಆ ತುದಿಗೇ ಹೈಡ್ರೋಜನ್ ಸೇರಿ ಫರ್ಫ್ಯುರೈಲ್ ಆಲ್ಕೋಹಾಲ್ ಬರುತ್ತದೆ, ಉಂಗುರ ಹಾಗೇ ಉಳಿಯುತ್ತದೆ. ಪಲ್ಲಾಡಿಯಂ ಮೇಲಾದರೆ ಉಂಗುರ ಮಟ್ಟಸವಾಗಿ ಮಲಗುತ್ತದೆ. ಆಲ್ಡಿಹೈಡ್‌ನ ಇಂಗಾಲ ಲೋಹಕ್ಕೆ ಗಟ್ಟಿಯಾಗಿ ಅಂಟುತ್ತದೆ. ಬಿಸಿ ಆವಿಯ ಸ್ಥಿತಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಕಳಚಿಕೊಂಡು ಫ್ಯುರಾನ್ ಉಳಿಯುತ್ತದೆ. ನಿಕ್ಕಲ್ ಮೇಲೆ ಇದರ ಜೊತೆಗೆ ಉಂಗುರ ಒಡೆಯುವುದೂ ಸೇರುತ್ತದೆ. ಆ ನಿಕ್ಕಲ್‌ಗೆ ಕಬ್ಬಿಣ ಬೆರೆಸಿ ನೋಡಿ. ಕಬ್ಬಿಣಕ್ಕೆ ಆಮ್ಲಜನಕದ ಸೆಳೆತ ಜಾಸ್ತಿ. ಅದು ಆಲ್ಡಿಹೈಡ್ ಗುಂಪನ್ನು ಹಿಡಿದುಕೊಂಡು ಆಮ್ಲಜನಕವನ್ನು ಕೀಳುತ್ತದೆ, ಮೀಥೈಲ್ ಫ್ಯುರಾನ್ ಸಿಗುತ್ತದೆ. ಅದೇ ಅಣು, ಅದೇ ಹೈಡ್ರೋಜನ್, ಲೋಹ ಬದಲಾದಂತೆ ಫಲವೇ ಬೇರೆ.

ಗ್ಲಿಸರಾಲ್‌ನಲ್ಲೂ ಇದೇ ಕಥೆ. ತಾಮ್ರ ಇಂಗಾಲ–ಆಮ್ಲಜನಕ ಬಂಧ ಮುರಿಯುತ್ತದೆ, ಇಂಗಾಲ–ಇಂಗಾಲ ಬಂಧದ ತಂಟೆಗೆ ಹೋಗುವುದಿಲ್ಲ. ಪ್ರೊಪಿಲೀನ್ ಗ್ಲೈಕಾಲ್ ಸಿಗುತ್ತದೆ. ರುಥೇನಿಯಂ ಎರಡನ್ನೂ ಮುರಿಯುತ್ತದೆ, ಎಥಿಲೀನ್ ಗ್ಲೈಕಾಲ್ ಜೊತೆ ಮೀಥೇನ್ ಕೂಡ ಬರುತ್ತದೆ. ಹಾಗಾಗಿ ಮೊದಲು ಬರೆದುಕೊಳ್ಳಬೇಕಾದದ್ದು ಯಾವ ಬಂಧ ಮುರಿಯಬೇಕು, ಯಾವುದು ಉಳಿಯಬೇಕು ಎಂಬ ಎರಡು ಸಾಲು. ಲೋಹದ ಹೆಸರು ಆಮೇಲೆ.

ನಿಕ್ಕಲ್ ಅಗ್ಗ ತಾನೇ? ದುಬಾರಿ ಲೋಹಗಳ ಹಿಂದೆ ಯಾಕೆ ಬೀಳ್ತೀರಿ?

ಲೋಹದ ಬೆಲೆಯನ್ನು ಕಿಲೋ ಲೆಕ್ಕದಲ್ಲಿ ನೋಡಬೇಡಿ. ಆ ಲೋಹ ಸಾಯುವ ಮುನ್ನ ಎಷ್ಟು ಉತ್ಪನ್ನ ಕೊಟ್ಟಿತು ಎಂದು ನೋಡಿ. ಸಾರ್ಬಿಟಾಲ್ ತಯಾರಿಕೆಯಲ್ಲಿ ಸ್ಪಂಜಿನಂಥ ರೇನೀ ನಿಕ್ಕಲ್ ದಶಕಗಳ ಕಾಲ ದುಡಿದಿದೆ. ಆದರೆ ನಿಕ್ಕಲ್ ಸ್ವಲ್ಪ ಸ್ವಲ್ಪವೇ ದ್ರಾವಣಕ್ಕೆ ಕರಗುತ್ತದೆ, ಅದನ್ನು ಉತ್ಪನ್ನದಿಂದ ತೆಗೆಯುವ ಖರ್ಚು ಬೇರೆ. ಇಂಗಾಲದ ಮೇಲಿನ ರುಥೇನಿಯಂ ಕಡಿಮೆ ತಾಪದಲ್ಲೇ ಕೆಲಸ ಮಾಡುತ್ತದೆ, ಅಷ್ಟು ಸುಲಭವಾಗಿ ಕರಗುವುದಿಲ್ಲ. ಇಂಗಾಲವನ್ನು ಸುಟ್ಟು ಬೆಲೆಬಾಳುವ ಲೋಹವನ್ನು ವಾಪಸ್ ಪಡೆಯಲೂಬಹುದು.

ಸಪೋರ್ಟ್ ಅಂದ್ರೆ ಲೋಹ ಕೂರೋ ಜಾಗ ಅಷ್ಟೇ ಅಲ್ವಾ?

ಅಲ್ಲ. ಸಪೋರ್ಟ್‌ನ ಆಮ್ಲೀಯ ಜಾಗಗಳು ಕಚ್ಚಾವಸ್ತುವಿನ ಅಣುವಿನಿಂದ ನೀರನ್ನು ಕಳಚಿ ಹಾಕಬಲ್ಲವು, ಪಕ್ಕದ ಲೋಹ ಅಲ್ಲಿ ಹುಟ್ಟಿದ ದ್ವಿಬಂಧಕ್ಕೆ ಹೈಡ್ರೋಜನ್ ಸೇರಿಸಬಲ್ಲದು. ಒಂದೇ ಕಣದ ಮೇಲೆ ಎರಡು ಕೆಲಸ. ಇವೆರಡರ ವೇಗ ಹೊಂದದಿದ್ದರೆ ನಡುವಿನ ಅಣುಗಳು ಗುಂಪುಗೂಡಿ ಟಾರ್ ಆಗುತ್ತವೆ.

ಸಪೋರ್ಟ್ ಲೋಹದ ಮೈಮೇಲೂ ಹತ್ತಬಹುದು. ಟೈಟಾನಿಯಾ ಮೇಲಿನ ಪ್ಲಾಟಿನಂ ಗುಂಪಿನ ಲೋಹಗಳನ್ನು 500 ಡಿಗ್ರಿಯಲ್ಲಿ ಹೈಡ್ರೋಜನ್‌ನಿಂದ ಅಪಕರ್ಷಿಸಿದರೆ, ಅವು ಹೈಡ್ರೋಜನ್ ಹಿಡಿಯುವ ಶಕ್ತಿಯನ್ನೇ ಬಹುಪಾಲು ಕಳೆದುಕೊಳ್ಳುತ್ತವೆ ಎಂದು 1978ರಲ್ಲಿ ತೋರಿಸಲಾಯಿತು. ಟೈಟಾನಿಯಂ ಆಕ್ಸೈಡಿನ ತೆಳು ಪೊರೆ ಲೋಹವನ್ನು ಮುಚ್ಚುವುದು ಇದಕ್ಕೆ ಮುಖ್ಯ ಕಾರಣ ಎಂದು ಆಮೇಲೆ ಗೊತ್ತಾಯಿತು. ಪೂರ್ತಿ ಮುಚ್ಚಿದರೆ ನಷ್ಟ. ಅರ್ಧ ಮುಚ್ಚಿದರೆ ಪೊರೆಯ ಅಂಚಿನಲ್ಲಿ ಲೋಹ ಮತ್ತು ಆಕ್ಸೈಡ್ ಎರಡೂ ಸಿಗುತ್ತವೆ. ಆಮ್ಲಜನಕ ತೆಗೆಯುವ ಕ್ರಿಯೆಗಳಿಗೆ ಆ ಅಂಚು ತುಂಬ ಒಳ್ಳೆಯದು.

ಎರಡು ಲೋಹ ಬೆರೆಸಿದರೆ ಏನು ಲಾಭ? ಬರೀ ಗೊಂದಲ ಅನ್ಸುತ್ತೆ.

ಕೆಲಸ ಹಂಚಿದರೆ ಲಾಭ. ಸಿಲಿಕಾದ ಮೇಲೆ ರೋಡಿಯಂ ಮತ್ತು ರೀನಿಯಂ ಆಕ್ಸೈಡ್ ಇರಿಸಿದಾಗ, ಟೆಟ್ರಾಹೈಡ್ರೋಫರ್ಫ್ಯುರೈಲ್ ಆಲ್ಕೋಹಾಲ್‌ನ ಹೈಡ್ರಾಕ್ಸಿಲ್ ತುದಿ ರೀನಿಯಂಗೆ ಅಂಟುತ್ತದೆ. ಪಕ್ಕದ ರೋಡಿಯಂ ಮೇಲಿನ ಹೈಡ್ರೋಜನ್ ಸರಿಯಾಗಿ ಪಕ್ಕದ ಇಂಗಾಲಕ್ಕೇ ತಾಗಿ ಉಂಗುರ ತೆರೆಯುತ್ತದೆ. ಸಿಗುವುದು 1,5-ಪೆಂಟೇನ್‌ಡಯಾಲ್. ಬರೀ ರೋಡಿಯಂಗೆ ಈ ಗುರಿ ಇಲ್ಲ.

ಇನ್ನೊಂದು ಉದಾಹರಣೆ ನನಗೆ ಬಹಳ ಇಷ್ಟ. 2008ರಲ್ಲಿ ಚೀನಾದ ದಾಲಿಯನ್‌ನ ಸಂಶೋಧಕರು ಸಕ್ರಿಯ ಇಂಗಾಲದ ಮೇಲೆ ಟಂಗ್‌ಸ್ಟನ್ ಕಾರ್ಬೈಡ್ ಮತ್ತು ಸ್ವಲ್ಪ ನಿಕ್ಕಲ್ ಇಟ್ಟು, ಸೆಲ್ಯುಲೋಸ್‌ನಿಂದ ನೇರವಾಗಿ ಎಥಿಲೀನ್ ಗ್ಲೈಕಾಲ್ ಪಡೆದರು. 245 ಡಿಗ್ರಿ, 60 ಬಾರ್ ಹೈಡ್ರೋಜನ್, ಅರ್ಧ ಗಂಟೆ, ಇಳುವರಿ ಶೇ. 61. ಬಿಸಿನೀರು ಸೆಲ್ಯುಲೋಸ್ ಅನ್ನು ಗ್ಲೂಕೋಸ್ ಮಾಡುತ್ತದೆ, ಟಂಗ್‌ಸ್ಟನ್ ಗ್ಲೂಕೋಸ್ ಅನ್ನು ಎರಡೆರಡು ಇಂಗಾಲದ ತುಂಡು ಮಾಡುತ್ತದೆ, ನಿಕ್ಕಲ್ ಆ ತುಂಡುಗಳಿಗೆ ಹೈಡ್ರೋಜನ್ ಕೊಡುತ್ತದೆ. ನಿಕ್ಕಲ್ ಜಾಸ್ತಿಯಾದರೆ ಗ್ಲೂಕೋಸ್ ತುಂಡಾಗುವ ಮೊದಲೇ ಸಾರ್ಬಿಟಾಲ್ ಆಗಿಬಿಡುತ್ತದೆ. ಕಡಿಮೆಯಾದರೆ ತುಂಡುಗಳು ತಮ್ಮತಮ್ಮಲ್ಲೇ ಸೇರಿ ಕೆಡುತ್ತವೆ. ಇಲ್ಲಿ ಲೋಹದ ಹೆಸರಿನಷ್ಟೇ ಪ್ರಮಾಣವೂ ಮುಖ್ಯ.

ಚಿನ್ನ ಯಾವುದರ ಜೊತೆಗೂ ಕ್ರಿಯೆ ನಡೆಸಲ್ಲ ಅಂತ ಓದಿದ್ದೀನಿ. ಅದು ಹೇಗೆ ಕ್ಯಾಟಲಿಸ್ಟ್?

ಗಟ್ಟಿ ಚಿನ್ನ ಜಡ. ಕೆಲವೇ ನ್ಯಾನೋಮೀಟರ್‌ನ ಕಣ ಜಡವಲ್ಲ. ಟೈಟಾನಿಯಾ ಅಥವಾ ಸೀರಿಯಾ (ಸೀರಿಯಂ ಆಕ್ಸೈಡ್) ಮೇಲಿನ ಚಿನ್ನ, ಸಕ್ಕರೆಯಿಂದ ಬರುವ ಹೈಡ್ರಾಕ್ಸಿಮೀಥೈಲ್ ಫರ್ಫ್ಯುರಲ್ ಅನ್ನು ಫ್ಯುರಾನ್ ಡೈಕಾರ್ಬಾಕ್ಸಿಲಿಕ್ ಆಮ್ಲವಾಗಿ ಬದಲಿಸುತ್ತದೆ. ಪಿಇಎಫ್ ಎಂಬ ಹೊಸ ಪ್ಲಾಸ್ಟಿಕ್‌ಗೆ ಆ ಆಮ್ಲವೇ ಬೇಕು. ಸಾಮಾನ್ಯವಾಗಿ ದ್ರಾವಣಕ್ಕೆ ಕ್ಷಾರ ಸೇರಿಸಬೇಕಾಗುತ್ತದೆ. ಐಸೋಟೋಪ್ ಗುರುತು ಹಾಕಿ ನೋಡಿದಾಗ, ಉತ್ಪನ್ನಕ್ಕೆ ಸೇರಿದ ಆಮ್ಲಜನಕ ನೀರಿನಿಂದ ಬಂದದ್ದು ಎಂದು ಗೊತ್ತಾಯಿತು. ಅನಿಲವಾಗಿ ಹಾಯಿಸಿದ ಆಮ್ಲಜನಕ ಲೋಹದ ಮೇಲೆ ಉಳಿದ ಎಲೆಕ್ಟ್ರಾನ್‌ಗಳನ್ನು ಒಯ್ಯುವ ಕೆಲಸ ಮಾಡುತ್ತದೆ.

## ತಯಾರಿ

ಅದೇ ರೆಸಿಪಿ ಮಾಡಿದ್ರೂ ಪ್ರತಿ ಬ್ಯಾಚೂ ಬೇರೆ ಬೇರೆ ಬರುತ್ತೆ. ಎಲ್ಲಿ ತಪ್ಪುತ್ತಿದೆ?

ಮೊದಲು ಪಿಎಚ್ ನೋಡಿ. ಪ್ರತಿ ಆಕ್ಸೈಡಿಗೂ ಅದರ ಮೇಲ್ಮೈಯ ವಿದ್ಯುದಂಶ ಶೂನ್ಯವಾಗುವ ಒಂದು ಪಿಎಚ್ ಇದೆ. ಅಲ್ಯುಮಿನಾಕ್ಕೆ ಅದು 8ರ ಆಸುಪಾಸು, ಸಿಲಿಕಾಕ್ಕೆ 2ರಿಂದ 4. ದ್ರಾವಣದ ಪಿಎಚ್ ಅದಕ್ಕಿಂತ ಕಡಿಮೆಯಿದ್ದರೆ ಮೇಲ್ಮೈ ಧನ, ಜಾಸ್ತಿಯಿದ್ದರೆ ಋಣ. ಕ್ಲೋರೋಪ್ಲಾಟಿನಿಕ್ ಆಮ್ಲದಲ್ಲಿ ಪ್ಲಾಟಿನಂ ಋಣ ಅಯಾನಿನ ಒಳಗಿರುತ್ತದೆ. ಆಮ್ಲೀಯ ದ್ರಾವಣದಲ್ಲಿ ಅಲ್ಯುಮಿನಾ ಅದನ್ನು ಸೆಳೆದುಕೊಳ್ಳುತ್ತದೆ, ಸಿಲಿಕಾ ಸೆಳೆಯುವುದಿಲ್ಲ. ಸಿಲಿಕಾಕ್ಕೆ ಟೆಟ್ರಾಅಮೀನ್ ಪ್ಲಾಟಿನಂನಂಥ ಧನ ಅಯಾನನ್ನು ಕ್ಷಾರೀಯ ದ್ರಾವಣದಲ್ಲಿ ಕೊಡಬೇಕು. ಇದನ್ನು ನೋಡದೆ ಮಾಡಿದರೆ ಲೋಹ ಮೇಲ್ಮೈಗೆ ಅಂಟುವುದೇ ಇಲ್ಲ, ರಂಧ್ರದೊಳಗಿನ ನೀರಿನಲ್ಲಿ ತೇಲುತ್ತಿರುತ್ತದೆ.

ಎರಡನೆಯ ಕಳ್ಳ ಒಣಗಿಸುವ ಹಂತ. ಪುಡಿ ಒಣಗುವಾಗ ನೀರು ರಂಧ್ರಗಳಿಂದ ಹೊರಗೆ ಹರಿಯುತ್ತದೆ, ಅಂಟದ ಲವಣವನ್ನೂ ಜೊತೆಗೇ ಎಳೆದು ತರುತ್ತದೆ. ಒಂದು ಗುಳಿಗೆಯನ್ನು ಮುರಿದು ನೋಡಿ. ಅಂಚು ಗಾಢ, ನಡು ತಿಳಿಯಾಗಿದ್ದರೆ ಲೋಹವೆಲ್ಲ ಹೊರಗೆ ಬಂದು ಕೂತಿರಬಹುದು. ಅಲ್ಲಿ ಕಣಗಳು ದಪ್ಪವಾಗುತ್ತವೆ. ಓವನ್‌ನಲ್ಲಿ ಎಷ್ಟು ಪುಡಿ ಹರಡಿದಿರಿ, ಎಷ್ಟು ಬೇಗ ತಾಪ ಏರಿಸಿದಿರಿ ಎಂಬುದನ್ನೂ ನೋಟ್‌ಬುಕ್‌ನಲ್ಲಿ ಬರೆದಿಡಿ. ಬ್ಯಾಚ್‌ಗಳ ವ್ಯತ್ಯಾಸ ಎಷ್ಟೋ ಸಲ ಆ ಸಾಲಿನಲ್ಲೇ ಸಿಗುತ್ತದೆ.

ತಾಮ್ರದ ಕ್ಯಾಟಲಿಸ್ಟ್ ಮಾಡುವವರಿಗೆ ಇನ್ನೊಂದು ಮಾತು: ಕ್ಲೋರೈಡ್ ಲವಣ ಬೇಡ, ನೈಟ್ರೇಟ್ ಬಳಸಿ. ಉಳಿದ ಕ್ಲೋರೈಡ್ ತಾಮ್ರದ ಕಣಗಳನ್ನು ಬೇಗ ಬೆಳೆಸುತ್ತದೆ.

ಒಂಟಿ ಪರಮಾಣು ಕ್ಯಾಟಲಿಸ್ಟ್ ಬಂದ ಮೇಲೆ ಕಣಗಳ ಕಾಲ ಮುಗೀತಾ?

ಇಲ್ಲ. ಫರ್ಫ್ಯುರಲ್‌ನಂಥ ಅಗಲವಾದ ಅಣು ಮಟ್ಟಸವಾಗಿ ಮಲಗಬೇಕಾದರೆ ಅಕ್ಕಪಕ್ಕ ಹಲವು ಪರಮಾಣುಗಳು ಬೇಕು. ಹಾಗೆ ಮಲಗುವುದೇ ಬೇಡ ಎಂದಾಗ ಒಂಟಿ ಪರಮಾಣು ಒಳ್ಳೆಯ ಆಯುಧ. ತಾಮ್ರದ ಕಣದಲ್ಲಿ ಅಲ್ಲೊಂದು ಇಲ್ಲೊಂದು ಪ್ಲಾಟಿನಂ ಪರಮಾಣು ಇಟ್ಟರೆ ಪ್ಲಾಟಿನಂ ಹೈಡ್ರೋಜನ್ ಅಣುವನ್ನು ಒಡೆಯುತ್ತದೆ, ಉಳಿದ ಕೆಲಸ ತಾಮ್ರ ತನ್ನ ರೀತಿಯಲ್ಲೇ ಮಾಡುತ್ತದೆ.

## ಅಳತೆ ಮತ್ತು ಬಾಳಿಕೆ

ಐದು ಸಲ ಮರುಬಳಕೆ ಮಾಡಿದೆ, ಪ್ರತಿ ಸಲವೂ ಶೇ. 100 ಕನ್ವರ್ಷನ್. ಸ್ಥಿರವಾಗಿದೆ ಅಂತ ಬರೀಬಹುದಲ್ವಾ?

ದಯವಿಟ್ಟು ಬರೆಯಬೇಡಿ. ಕನ್ವರ್ಷನ್ ಅಂದರೆ ಕಚ್ಚಾವಸ್ತುವಿನಲ್ಲಿ ಎಷ್ಟು ಪಾಲು ಬದಲಾಯಿತು ಎಂಬ ಲೆಕ್ಕ. ಕ್ರಿಯೆ ಒಂದು ಗಂಟೆಯಲ್ಲಿ ಮುಗಿಯುತ್ತಿದ್ದು ನೀವು ನಾಲ್ಕು ಗಂಟೆ ಓಡಿಸಿದರೆ, ಅರ್ಧ ಕ್ಯಾಟಲಿಸ್ಟ್ ಸತ್ತರೂ ಕೊನೆಗೆ ಶೇ. 100 ಕಾಣುತ್ತದೆ. ಕನ್ವರ್ಷನ್ ಶೇ. 20–30ರಲ್ಲಿ ನಿಲ್ಲಿಸಿ, ಆರಂಭದ ವೇಗವನ್ನು ಸಲ ಸಲಕ್ಕೂ ಹೋಲಿಸಿ. ಅದಕ್ಕಿಂತ ಒಳ್ಳೆಯದು, ಸಣ್ಣದೊಂದು ಹರಿವಿನ ರಿಯಾಕ್ಟರ್‌ನಲ್ಲಿ ದಿನಗಟ್ಟಲೆ ಓಡಿಸಿ ಇಳಿಜಾರು ನೋಡುವುದು. ಈ ಒಂದು ವಿಷಯದಲ್ಲಿ ನಾನು ಹಟಮಾರಿ. ಕಡಿಮೆ ಕನ್ವರ್ಷನ್‌ನ ಅಂಕಿ ಇಲ್ಲದ ಬಾಳಿಕೆಯ ಮಾತನ್ನು ನಂಬುವುದಿಲ್ಲ.

ಲೋಹ ಕರಗಿ ಹೋಗ್ತಿದೆಯಾ ಅಂತ ತಿಳಿಯೋದು ಹೇಗೆ?

ಕ್ರಿಯೆ ಅರ್ಧಕ್ಕೆ ಬಂದಾಗ ಬಿಸಿಯಿರುವಾಗಲೇ ಸೋಸಿ. ತಣ್ಣಗಾದರೆ ಕರಗಿದ ಲೋಹ ಮತ್ತೆ ಸಪೋರ್ಟ್ ಮೇಲೆ ಕೂರಬಹುದು, ಮೋಸ ಹೋಗುತ್ತೀರಿ. ಸೋಸಿದ ದ್ರವವನ್ನು ಅದೇ ತಾಪದಲ್ಲಿ, ಅದೇ ಒತ್ತಡದಲ್ಲಿ ಮುಂದುವರಿಸಿ. ಕ್ರಿಯೆ ಮುಂದುವರಿದರೆ ಕರಗಿದ ಲೋಹವೇ ಕೆಲಸ ಮಾಡುತ್ತಿದೆ ಎಂದು ಅನುಮಾನಿಸಬೇಕು. ಕ್ರಿಯೆ ನಿಂತರೂ ದ್ರವದಲ್ಲಿ ಲೋಹದ ಪ್ರಮಾಣ ಅಳೆಯಿರಿ, ಏಕೆಂದರೆ ಕರಗಿದ ಲೋಹ ಜಡವಾಗಿರಬಹುದು.

ತಡೆಯುವ ದಾರಿಗಳಿವೆ. 2013ರಲ್ಲಿ ಅಲ್ಯುಮಿನಾ ಮೇಲಿನ ತಾಮ್ರಕ್ಕೆ ಪದರ ಪದರವಾಗಿ ತೆಳು ಅಲ್ಯುಮಿನಾ ಹೊದಿಸಿ, ಬಿಸಿ ಮಾಡಿ ಆ ಹೊದಿಕೆಯಲ್ಲಿ ರಂಧ್ರ ತೆರೆಸಿದಾಗ, ದ್ರವದಲ್ಲಿ ಫರ್ಫ್ಯುರಲ್ ಮೇಲೆ ಕೆಲಸ ಮಾಡುವಾಗ ತಾಮ್ರ ಕರಗುವುದೂ ಕಣ ಬೆಳೆಯುವುದೂ ನಿಂತಿತು. ತಾಮ್ರ ಬೇಗ ಕಳಚುವುದು ಅಂಚು, ಮೂಲೆಗಳಿಂದ. ಹೊದಿಕೆ ಮೊದಲು ಹಿಡಿಯುವುದೂ ಅವನ್ನೇ.

ಸ್ಟರರ್ ವೇಗ ಹೆಚ್ಚಿಸಿದ್ರೆ ಕ್ರಿಯೆಯೂ ಜೋರಾಗುತ್ತೆ. ಒಳ್ಳೆಯದೇ ಅಲ್ವಾ?

ಅದರ ಅರ್ಥ ನೀವು ಕ್ಯಾಟಲಿಸ್ಟ್ ಅನ್ನು ಅಳೆಯುತ್ತಿಲ್ಲ, ಹೈಡ್ರೋಜನ್ ಕರಗುವ ವೇಗವನ್ನು ಅಳೆಯುತ್ತಿದ್ದೀರಿ. ಕೋಣೆಯ ತಾಪದಲ್ಲಿ, ಒಂದು ಬಾರ್ ಒತ್ತಡದಲ್ಲಿ, ಒಂದು ಲೀಟರ್ ನೀರಿನಲ್ಲಿ ಸುಮಾರು 0.8 ಮಿಲಿಮೋಲ್ ಹೈಡ್ರೋಜನ್ ಕರಗುತ್ತದೆ. 50 ಬಾರ್ ಹಾಕಿದರೂ 40ರ ಸುತ್ತ. ಒಂದು ಲೀಟರ್‌ನಲ್ಲಿ ಒಂದು ಮೋಲ್ ಗ್ಲೂಕೋಸ್ ಇದ್ದರೆ ಅದನ್ನು ಸಾರ್ಬಿಟಾಲ್ ಮಾಡಲು ಬೇಕಾದದ್ದು 1000 ಮಿಲಿಮೋಲ್ ಹೈಡ್ರೋಜನ್. ಅಂದರೆ ಹೈಡ್ರೋಜನ್ ಮತ್ತೆ ಮತ್ತೆ ಕರಗುತ್ತಲೇ ಇರಬೇಕು. ಕಿರಿದಾದ ಬಾಗಿಲಿನ ಮುಂದೆ ಜನ ಸಾಲುಗಟ್ಟಿದಾಗ ಒಳಗೆ ಎಷ್ಟು ಕುರ್ಚಿ ಇದ್ದರೇನು? ವೇಗ ಬದಲಾಗದ ಹಂತದವರೆಗೆ ಕಲಕಿ. ಆಮೇಲೆ ಪುಡಿಯನ್ನು ಇನ್ನೂ ಸಣ್ಣಗೆ ಮಾಡಿ ಅದೇ ಪರೀಕ್ಷೆ ಮಾಡಿ, ರಂಧ್ರಗಳೊಳಗಿನ ತಡೆಯೂ ಗೊತ್ತಾಗುತ್ತದೆ.

ಶುದ್ಧ ಗ್ಲೂಕೋಸ್‌ನಲ್ಲಿ ಚಿನ್ನದಂಥ ಫಲಿತಾಂಶ, ನಿಜವಾದ ಮರದ ರಸ ಹಾಕಿದ ತಕ್ಷಣ ಸತ್ತೇ ಹೋಯ್ತು. ಯಾಕೆ?

ಗಿಡದಲ್ಲಿ ಬರೀ ಸಕ್ಕರೆ ಇರುವುದಿಲ್ಲ. ಪ್ರೋಟೀನಿನಿಂದ ಬರುವ ಮೆಥಿಯೋನಿನ್, ಸಿಸ್ಟೀನ್‌ಗಳಲ್ಲಿ ಗಂಧಕವಿದೆ. ಅದು ಲೋಹಕ್ಕೆ ಅಂಟಿದರೆ ಬಿಡುವುದಿಲ್ಲ. ಪೊಟ್ಯಾಸಿಯಂ, ಕ್ಯಾಲ್ಸಿಯಂ ಲೋಹಕ್ಕಿಂತ ಹೆಚ್ಚಾಗಿ ಸಪೋರ್ಟ್‌ನ ಆಮ್ಲೀಯ ಜಾಗಗಳನ್ನು ತುಂಬುತ್ತವೆ. ಬಯೋಡೀಸೆಲ್ ಘಟಕದ ಕಚ್ಚಾ ಗ್ಲಿಸರಾಲ್‌ನಲ್ಲಿ ಲವಣ, ಸಾಬೂನು, ಮೆಥನಾಲ್ ಇರುತ್ತವೆ. ಇದರ ಮೇಲೆ ಸಕ್ಕರೆಯೇ ಬಿಸಿಗೆ ಹ್ಯೂಮಿನ್ ಎಂಬ ಕಂದು ಪಾಲಿಮರ್ ಆಗಿ ರಂಧ್ರ ಮುಚ್ಚುತ್ತದೆ. ದ್ರವ ಕಂದಾಗಿದ್ದು ಇಂಗಾಲದ ಲೆಕ್ಕ ತಾಳೆಯಾಗದಿದ್ದರೆ ಕಳೆದುಹೋದ ಇಂಗಾಲ ಅಲ್ಲಿರಬಹುದು.

ಯಾವ ವಿಷ ಎಂದು ಹುಡುಕಲು ಶುದ್ಧ ದ್ರಾವಣಕ್ಕೆ ಒಂದೊಂದನ್ನೇ ಬೇಕೆಂದೇ ಸೇರಿಸಿ ನೋಡಿ. ಗಂಧಕವಾದರೆ ಕಚ್ಚಾವಸ್ತುವನ್ನೇ ಶುದ್ಧಿ ಮಾಡಬೇಕು. ಹ್ಯೂಮಿನ್ ಆದರೆ ಇಂಗಾಲದ ಸಪೋರ್ಟ್‌ಗಿಂತ ಟೈಟಾನಿಯಾ ವಾಸಿ, ಗಾಳಿಯಲ್ಲಿ ಸುಟ್ಟು ಸ್ವಚ್ಛ ಮಾಡಬಹುದು. ಇಂಗಾಲವನ್ನು ಸುಟ್ಟರೆ ಸಪೋರ್ಟೇ ಹೋಗುತ್ತದೆ.

ಲಿಗ್ನಿನ್‌ನಿಂದ ಶೇ. 90 ಮಾನೋಮರ್ ತೆಗೆಯುವ ಕ್ಯಾಟಲಿಸ್ಟ್ ಯಾವಾಗ ಬರುತ್ತೆ?

ಅದು ಕ್ಯಾಟಲಿಸ್ಟ್ ಕೈಯಲ್ಲಷ್ಟೇ ಇಲ್ಲ. ಲಿಗ್ನಿನ್ ಅಂದರೆ ಮರಕ್ಕೆ ಗಟ್ಟಿತನ ಕೊಡುವ ದೊಡ್ಡ ಅಣು, ಮಾನೋಮರ್ ಅಂದರೆ ಅದರ ಒಂದೊಂದು ಬಿಡಿ ಘಟಕ. ಮರದ ಪುಡಿಯನ್ನು ಮೆಥನಾಲ್‌ನಲ್ಲಿ 200–250 ಡಿಗ್ರಿಗೆ ಬಿಸಿ ಮಾಡಿ, ಜೊತೆಗೇ ರುಥೇನಿಯಂ, ಪಲ್ಲಾಡಿಯಂ ಅಥವಾ ನಿಕ್ಕಲ್ ಇಟ್ಟರೆ, ಲಿಗ್ನಿನ್ ತುಂಡುಗಳು ಮತ್ತೆ ಅಂಟಿಕೊಳ್ಳುವ ಮೊದಲೇ ಸ್ಥಿರವಾಗುತ್ತವೆ. ಆದರೆ ಈ ವಿಧಾನ ಮುರಿಯುವುದು ಇಂಗಾಲ–ಆಮ್ಲಜನಕದ ಈಥರ್ ಬಂಧಗಳನ್ನು. ಒಂದು ಘಟಕ ಬಿಡುಗಡೆಯಾಗಲು ಅದರ ಎರಡೂ ಬದಿಯ ಬಂಧ ಮುರಿಯಬೇಕು. ಅಂಥ ಬಂಧ ಶೇ. 70 ಇದ್ದರೆ ಎರಡೂ ಬದಿ ಮುರಿಯುವ ಸಾಧ್ಯತೆ 0.7 ಗುಣಿಸು 0.7, ಅಂದರೆ ಶೇ. 49. ಬರ್ಚ್‌ನಂಥ ಮರಗಳಲ್ಲಿ ಶೇ. 50ರ ಆಸುಪಾಸು ಈಗಾಗಲೇ ಸಿಕ್ಕಿದೆ. ಮುಂದಕ್ಕೆ ಹೋಗಬೇಕಾದರೆ ಇಂಗಾಲ–ಇಂಗಾಲ ಬಂಧ ಮುರಿಯಬೇಕು, ಇಲ್ಲವೇ ಈಥರ್ ಬಂಧ ಜಾಸ್ತಿಯಿರುವ ಮರ ಬೆಳೆಸಬೇಕು.

ಹೈಡ್ರೋಜನ್ ನೈಸರ್ಗಿಕ ಅನಿಲದಿಂದ ತಂದ್ರೆ ಇದೆಲ್ಲ ಹಸಿರು ಹೇಗಾಗುತ್ತೆ?

ಸರಿಯಾದ ಪ್ರಶ್ನೆ. ಇಂದು ಜಗತ್ತಿನ ಹೈಡ್ರೋಜನ್‌ನಲ್ಲಿ ಬಹುಪಾಲು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದಲೇ ಬರುತ್ತದೆ. ಹಾಗಾಗಿ ಹೈಡ್ರೋಜನ್ ಕಡಿಮೆ ನುಂಗುವ ಉತ್ಪನ್ನ ಆರಿಸುವುದೂ ಕ್ಯಾಟಲಿಸ್ಟ್ ವಿನ್ಯಾಸದ ಭಾಗವೇ.

ಬಯೋಮಾಸ್‌ನಿಂದಲೇ ಹೈಡ್ರೋಜನ್ ತೆಗೆಯಬಹುದು. 2002ರಲ್ಲಿ ಅಲ್ಯುಮಿನಾ ಮೇಲಿನ ಪ್ಲಾಟಿನಂ ಬಳಸಿ, 225 ಡಿಗ್ರಿಯ ಆಸುಪಾಸಿನ ದ್ರವ ನೀರಿನಲ್ಲಿ ಗ್ಲೂಕೋಸ್ ಮತ್ತು ಗ್ಲಿಸರಾಲ್‌ನಿಂದ ಹೈಡ್ರೋಜನ್ ಪಡೆದು ತೋರಿಸಿದರು. ಇದಕ್ಕಿಂತ ಅಂದವಾದ ಲೆಕ್ಕ ಲೆವುಲಿನಿಕ್ ಆಮ್ಲದ್ದು. ಆರು ಇಂಗಾಲದ ಸಕ್ಕರೆ ಆಮ್ಲದಲ್ಲಿ ಒಡೆದಾಗ ಒಂದು ಲೆವುಲಿನಿಕ್ ಆಮ್ಲದ ಜೊತೆ ಒಂದು ಫಾರ್ಮಿಕ್ ಆಮ್ಲ ಸಿಗುತ್ತದೆ. ಲೆವುಲಿನಿಕ್ ಆಮ್ಲವನ್ನು ಗಾಮಾ ವ್ಯಾಲೆರೊಲ್ಯಾಕ್ಟೋನ್ ಮಾಡಲು ಬೇಕಾದದ್ದು ಒಂದೇ ಹೈಡ್ರೋಜನ್ ಅಣು. ಫಾರ್ಮಿಕ್ ಆಮ್ಲ ಒಡೆದರೆ ಸಿಗುವುದೂ ಒಂದೇ. ತೊಡಕು ಒಂದಿದೆ: ಫಾರ್ಮಿಕ್ ಆಮ್ಲ ತಪ್ಪು ದಾರಿಯಲ್ಲಿ ಒಡೆದರೆ ಹೈಡ್ರೋಜನ್ ಬದಲು ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ಅದು ರುಥೇನಿಯಂ ಮೇಲೆ ಕೂತು ಬಾಗಿಲು ಮುಚ್ಚುತ್ತದೆ. ಫಾರ್ಮಿಕ್ ಆಮ್ಲವನ್ನು ಸರಿದಾರಿಯಲ್ಲಿ ಒಡೆದು, ಬಂದ ಹೈಡ್ರೋಜನ್ ಅನ್ನು ಅಲ್ಲೇ ಬಳಸಿ, ಆ ಆಮ್ಲದಲ್ಲಿ ಕರಗದೆ ಉಳಿಯುವ ಕ್ಯಾಟಲಿಸ್ಟ್ ಬೇಕು. ಜಿರ್ಕೋನಿಯಾ ಮೇಲಿನ ಚಿನ್ನ ಈ ಕೆಲಸ ಮಾಡಬಲ್ಲದು ಎಂದು ಈಗಾಗಲೇ ತೋರಿಸಿದ್ದಾರೆ. ಈ ಕ್ಷೇತ್ರಕ್ಕೆ ಹೊಸದಾಗಿ ಬರುವವರು ಯಾವ ಸಮಸ್ಯೆ ಹಿಡಿಯಲಿ ಎಂದು ಕೇಳಿದರೆ ಇದನ್ನೇ ತೋರಿಸುತ್ತೇನೆ.